ಶೇಂಗಾ ಜೊಳ್ಳಾಗದಿರಲು ಜಿಪ್ಸಂ ಹಾಕುವುದು ಹೇಗೆ?

ಶಿರಹಟ್ಟಿ, ಮುಂಡರಗಿ ಕಡೆಯ ಮಸಾರಿ (ಕೆಂಪು ಮಣ್ಣಿನ) ಹೊಲಗಳಲ್ಲಿ ಶೇಂಗಾ ಹಸಿರಾಗಿ, ಪೊಗದಸ್ತಾಗಿ ನಿಂತಿರುತ್ತದೆ. ಕಿತ್ತಾಗ ನೋಡಿದರೆ ಕಾಯಿ ಜೊಳ್ಳು. ಬೀಜವೇ ಸರಿಯಿಲ್ಲ ಎಂದು ಬೈಯುವವರು ಹೆಚ್ಚು. ಆದರೆ ಬಹಳ ಸಲ ತಪ್ಪಿರುವುದು ಜಿಪ್ಸಂ ಕೊಡುವ ಹೊತ್ತು.

ಬಿತ್ತನೆಯ ಮಾತು ಬೇಗ ಮುಗಿಸೋಣ. ಜೂನ್‌ನಲ್ಲಿ ಹದ ಸಿಕ್ಕ ಕೂಡಲೇ ಬಿತ್ತಿ. ಸಾಲಿನ ಅಂತರ 30 ಸೆಂ.ಮೀ., ಗಿಡದ್ದು 10, ಆಳ 5. ಕಿಲೋ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ (ಕೊಳೆರೋಗ ತಡೆಯುವ ಶಿಲೀಂಧ್ರದ ಪುಡಿ) ಲೇಪಿಸಿ ನೆರಳಲ್ಲಿ ಆರಿಸಿ. ಎಕರೆಗೆ 40 ಕೆ.ಜಿ. ಡಿಎಪಿ, 17 ಕೆ.ಜಿ. ಪೊಟ್ಯಾಷ್ ಬಿತ್ತುವಾಗಲೇ ಕೊಡಿ. ತಳಿಯಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಜಿಪಿಬಿಡಿ-4 ಇರಲಿ. ತುಕ್ಕು, ಎಲೆಚುಕ್ಕೆ ಎರಡನ್ನೂ ತಡೆದುಕೊಳ್ಳುತ್ತದೆ. ಹಳೆಯ ಟಿಎಂವಿ-2ರ ಮೋಹ ಬಿಡಿ. ಬೀಜ ಕೈಯಿಂದಲೇ ಸುಲಿಯಿರಿ, ಯಂತ್ರಕ್ಕೆ ಸಿಕ್ಕು ಸಿಪ್ಪೆ ಸೀಳಿದ ಬೀಜ ಮಣ್ಣಲ್ಲೇ ಕೊಳೆಯುತ್ತದೆ.

ಇನ್ನು ಜಿಪ್ಸಂ. ಕಾಳು ತುಂಬಲು ಬೇಕಾದ ಕ್ಯಾಲ್ಸಿಯಂ ಅದರಲ್ಲಿದೆ. ಬೇರು ಹೀರಿದ ಕ್ಯಾಲ್ಸಿಯಂ ಎಲೆಗೆ ಏರಿ ಅಲ್ಲೇ ಉಳಿಯುತ್ತದೆ, ಕೆಳಗಿನ ಕಾಯಿಗೆ ವಾಪಸ್ ಇಳಿಯುವುದಿಲ್ಲ. ತನಗೆ ಬೇಕಾದ್ದನ್ನು ಕಾಯಿಯೇ ಸುತ್ತಲಿನ ಮಣ್ಣಿನಿಂದ ಹೀರಬೇಕು. ಹಾಗಾಗಿ ಎಲೆಗೆ ಸಿಂಪಡಿಸುವ ಕ್ಯಾಲ್ಸಿಯಂ ಬಾಟಲಿಗೆ ದುಡ್ಡು ಹಾಕಬೇಡಿ, ಕಾಯಿಗೆ ಅದು ಮುಟ್ಟುವುದೇ ಇಲ್ಲ.

ಬಿತ್ತಿದ 35ರಿಂದ 40 ದಿನಕ್ಕೆ, ಹೂ ಬಿಟ್ಟು ಸೂಜಿ (ಹೂವಿನಿಂದ ಹೊರಟು ಮಣ್ಣಲ್ಲಿ ಕಾಯಿಯಾಗುವ ಎಳೆ) ನೆಲಕ್ಕೆ ಇಳಿಯತೊಡಗಿದಾಗ, ಎಕರೆಗೆ 200 ಕೆ.ಜಿ. ಹಾಕಿ. ಹೊಲದ ತುಂಬ ಎರಚಿದರೆ ಅರ್ಧ ಸಾಲಿನ ನಡುವೆ ಬಿದ್ದು ಹಾಳು. ಗಿಡದ ಬುಡಕ್ಕೇ ಬೀಳಬೇಕು: 30 ಸೆಂ.ಮೀ. ಸಾಲಾದರೆ ಪ್ರತಿ 10 ಮೀಟರಿಗೆ 150 ಗ್ರಾಂ. ಮೊದಲೊಮ್ಮೆ ತೂಗಿ ನೋಡಿದರೆ ಕೈಗೆ ಅಳತೆ ಕೂಡುತ್ತದೆ. ಬೆಳಗಿನ ಇಬ್ಬನಿ ಆರಿದ ಮೇಲೆ ಶುರು ಮಾಡಿ, ಇಲ್ಲದಿದ್ದರೆ ಪುಡಿ ಎಲೆಗೇ ಅಂಟುತ್ತದೆ. ಅಂದೇ ಸಾಲಿನ ನಡುವೆ ಕುಂಟೆಯಿಂದ ಎಡೆ ಹೊಡೆದು ಬುಡಕ್ಕೆ ಮಣ್ಣೇರಿಸಿ. ಮಳೆ ತಡವಾಯಿತೆಂದು 45 ದಿನ ದಾಟಿಸಬೇಡಿ. ಮಣ್ಣಲ್ಲಿ ಸೇರಿದ್ದರೆ ಮುಂದಿನ ಮಳೆಗೆ ಕರಗುತ್ತದೆ.

ಜಿಪ್ಸಂ ಹೆಸರಲ್ಲಿ ಸುಣ್ಣಕಲ್ಲಿನ ಪುಡಿಯೂ ಚೀಲ ಸೇರುತ್ತದೆ. ಚಿಟಿಕೆ ಪುಡಿಗೆ ಲಿಂಬೆರಸ ಹಿಂಡಿ: ಬುರುಬುರು ನೊರೆ ಬಂದರೆ ಸುಣ್ಣ ಬೆರೆತಿದೆ, ಜಿಪ್ಸಂ ಸುಮ್ಮನಿರುತ್ತದೆ. ಗಟ್ಟಿ ಹೆಂಟೆಯ ಚೀಲವನ್ನೂ ಒಪ್ಪಬೇಡಿ.

ಜಿಪ್ಸಂ ಹಾಕಿ ಮಣ್ಣೇರಿಸಿದ ಮೇಲೆ ಹೊಲಕ್ಕೆ ಎಡೆಕುಂಟೆ ಇಳಿಸಲೇಬೇಡಿ. ಬಹಳ ಜನ ಕೆಡುವುದು ಇಲ್ಲೇ: 60 ದಿನಕ್ಕೆ ಕಸ ಕಂಡು ಎಡೆ ಹೊಡೆಯುತ್ತಾರೆ, ಇಳಿದ ಸೂಜಿ ಹರಿದು ಹೋಗುತ್ತವೆ. ಆಗ ಉಳಿದ ಕಸ ಕೈಯಿಂದ ಕೀಳಬೇಕು, ಅದೂ ಬುಡ ಅಲುಗದಂತೆ.

ನರಗುಂದ, ನವಲಗುಂದದ ಎರೆಯಲ್ಲಿ (ಕಪ್ಪು ಮಣ್ಣಿನಲ್ಲಿ) ಕ್ಯಾಲ್ಸಿಯಂಗೆ ಬರವಿಲ್ಲ, ಆದರೂ ಜಿಪ್ಸಂ ಬಿಡಬೇಡಿ, ಎಣ್ಣೆಯಂಶಕ್ಕೆ ಬೇಕಾದ ಗಂಧಕ ಅದರಲ್ಲಿದೆ. ಅಲ್ಲಿ ನರ ಹಸಿರಾಗಿದ್ದು ಎಳೆ ಎಲೆ ಹಳದಿಯಾದರೆ ಅದು ಕಬ್ಬಿಣದ ಕೊರತೆ. ಯೂರಿಯಾ ಬೇಡ; ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ಸಿಂಪಡಿಸಿ.

ಕೀಳುವ ಮೊದಲು ನಾಲ್ಕೈದು ಕಡೆ ಗಿಡ ಕಿತ್ತು ಕಾಯಿ ಒಡೆಯಿರಿ. ಸಿಪ್ಪೆಯ ಒಳಮೈ ಕಂದು-ಕಪ್ಪಾದ ಕಾಯಿ ನೂರಕ್ಕೆ 75 ಇದ್ದರೆ ಕೀಳಿ. ಕಾಯಿ ಮೇಲೆ ಮಾಡಿ ಒಣಗಿಸಿ, ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಎನ್ನುವವರೆಗೆ ಚೀಲ ತುಂಬಬೇಡಿ.