ರೋಯಿಂಗ್ ಮೆಷಿನ್ ತಗೊಂಡ ಕಥೆ, ಮಳೆಗಾಲದ ಲೆಕ್ಕದಲ್ಲಿ

ಕಾಸರಗೋಡಿನ ಬದಿಯಡ್ಕದಲ್ಲಿ ಜೂನ್ ಬಂತೆಂದರೆ ನನ್ನ ವಾಕಿಂಗ್ ಕಥೆ ಮುಗಿಯಿತು. ತೋಟದ ದಾರಿ ಪಾಚಿ ಹಿಡಿದು ಜಾರುತ್ತದೆ, ರಸ್ತೆಯಲ್ಲಿ ಕೊಡೆ ಹಿಡಿದು ಹೊರಟರೆ ಸುಮ್ನೆ ಒದ್ದೆಯಾಗಿ ಬರುವುದು ಅಷ್ಟೆ. ಅಕ್ಟೋಬರ್ ಹೊತ್ತಿಗೆ ನಾಲ್ಕು ಕೆಜಿ ಏರಿರುತ್ತದೆ. ಹಾಗಾಗಿ ಮನೆಯೊಳಗೇ ಕೂತು ದೋಣಿಗೆ ಹುಟ್ಟು ಹಾಕಿದ ಹಾಗೆ ಎಳೆಯುವ ರೋಯಿಂಗ್ ಮೆಷಿನ್ ಹುಡುಕಿದೆ. "ಚಂದ್ರಗಿರಿ ಹೊಳೆಯಲ್ಲಿ ದೋಣಿ ಉಂಟಲ್ಲ, ಅಲ್ಲಿಗೇ ಹೋಗಿ ಮಾರಾಯ್ರೆ" ಎಂದಳು ಹೆಂಡತಿ.

ಮೊದಲು ಸಿಕ್ಕಿದ್ದು ಮಂಗಳೂರಿನ ಬಾವನ ಮನೆಯಲ್ಲಿ ಧೂಳು ಹಿಡಿದಿದ್ದ ಹೈಡ್ರಾಲಿಕ್ ಮೆಷಿನ್. ಎರಡು ಕೈಗೆ ಎರಡು ಪಿಸ್ಟನ್. ಚಿಕ್ಕದು, ಮಂಚದ ಅಡಿಗೆ ತಳ್ಳಬಹುದು, ಸದ್ದಿಲ್ಲ, ದುಡ್ಡೂ ಇಲ್ಲ. ಆದರೆ ಹತ್ತು ನಿಮಿಷ ಎಳೆದರೆ ಪಿಸ್ಟನ್ ಒಳಗಿನ ಎಣ್ಣೆ ಬಿಸಿಯಾಗಿ ತೆಳುವಾಗುತ್ತದೆ, ಎಳೆತ ಸಡಿಲವಾಗುತ್ತದೆ. ನಾನು ಬಲಶಾಲಿಯಾದೆ ಎಂದು ಎರಡು ದಿನ ಖುಷಿಪಟ್ಟಿದ್ದೆ! ಮೂರನೇ ವಾರ ರೆಡ್ ಆಕ್ಸೈಡ್ ನೆಲದ ಮೇಲೆ ಎಣ್ಣೆ ಸೋರಿತು. ಆ ಕಲೆ ಇನ್ನೂ ಇದೆ, ಅದರ ಮಾತೂ ಇನ್ನೂ ಇದೆ.

ಆಮೇಲೆ ಮಂಗಳೂರಿನ ಒಂದು ಅಂಗಡಿಗೆ ಹೋದೆ. ಅಲ್ಲಿದ್ದದ್ದು ಮ್ಯಾಗ್ನೆಟಿಕ್. ಅಯಸ್ಕಾಂತವನ್ನು ಚಕ್ರದ ಹತ್ತಿರ ತಂದರೆ ಬಿಗಿ, ದೂರ ಸರಿಸಿದರೆ ಸಡಿಲ. ಸದ್ದೇ ಇಲ್ಲ, ಮಗು ಮಲಗಿದ ಮನೆಗೆ ಅದೇ ಒಳ್ಳೆಯದು. ಕೂತು ಕಾಲು ಚಾಚಿದೆ. ಸೀಟು ಹಿಂದಕ್ಕೆ ಹೋಗಿ ಟಕ್ ಎಂದು ತಾಗಿ ನಿಂತಿತು, ನನ್ನ ಮೊಣಕಾಲು ಇನ್ನೂ ಮಡಚಿಯೇ ಇತ್ತು. ನಾನು 5 ಅಡಿ 11 ಇಂಚು. ಈ ವ್ಯಾಯಾಮದಲ್ಲಿ ಜಾಸ್ತಿ ಕೆಲಸ ಕಾಲಿನದು, ಕಾಲೇ ಪೂರ್ತಿ ನೆಟ್ಟಗಾಗದಿದ್ದರೆ ಉಳಿಯುವುದೇನು? ಅಂಗಡಿಯ ಹುಡುಗ ಮಾತ್ರ ಸ್ಕ್ರೀನ್ ತೋರಿಸುತ್ತಲೇ ಇದ್ದ, ಅದರಲ್ಲಿ ಯಾವುದೋ ದೇಶದ ಸರೋವರ ಕಾಣುತ್ತದಂತೆ. ಕೊಳ್ಳುವವರು ಮೊದಲು ಸೀಟನ್ನು ಕೊನೆತನಕ ತಳ್ಳಿ ನೋಡಿ. ಸ್ಕ್ರೀನ್ ಆಮೇಲೆ.

ನೀರಿನ ಟ್ಯಾಂಕ್ ಇರುವ ಮರದ ಮೆಷಿನ್ನೂ ಒಬ್ಬರ ಮನೆಯಲ್ಲಿ ನೋಡಿದೆ. ಚಂದ ಉಂಟು, ಸಳಸಳ ಸದ್ದೂ ಹಿತ. ಆದರೆ ಟ್ಯಾಂಕಿಗೆ ಸುಮಾರು 17 ಲೀಟರ್ ನೀರು, ಅದು ಪಾಚಿಗಟ್ಟದ ಹಾಗೆ ಆಗಾಗ ಮಾತ್ರೆ ಹಾಕಬೇಕು. ಅಂಗಳದ ಪಾಚಿ ಕೆರೆಯುವುದೇ ಸಾಕಾಗಿದೆ, ಬೇಡ ಎಂದೆ.

ಕೊನೆಗೆ ತಗೊಂಡಿದ್ದು ಗಾಳಿಯ ಫ್ಯಾನ್ ಇರುವ ಕಾನ್ಸೆಪ್ಟ್‌2 ಕಂಪನಿಯದು, ಸೆಕೆಂಡ್ ಹ್ಯಾಂಡ್. ಹೊಸದಕ್ಕೆ ಲಕ್ಷ ದಾಟುತ್ತದೆ, ನನಗೆ ಆಗದ ಮಾತು. ಇದರಲ್ಲಿ ಎಷ್ಟು ಜೋರಾಗಿ ಎಳೆಯುತ್ತೇವೋ ಗಾಳಿ ಅಷ್ಟೇ ಜೋರಾಗಿ ತಡೆಯುತ್ತದೆ, ಗುಂಡಿ ಒತ್ತುವ ಕೆಲಸವಿಲ್ಲ. ಕರೆಂಟೂ ಬೇಡ. ಮಾನಿಟರಿಗೆ ಎರಡು ದಪ್ಪ ಬ್ಯಾಟರಿ, ಎಳೆಯುವಾಗ ಫ್ಯಾನೇ ಅದಕ್ಕೆ ವಿದ್ಯುತ್ ಕೊಡುತ್ತದೆ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಇರುವುದೇ ಅಪರೂಪ, ಅಲ್ವಾ.

ಹಳೆಯದನ್ನು ನೋಡುವಾಗ ನಾನು ಮೂರು ವಿಷಯ ನೋಡಿದೆ. ಮಾನಿಟರಿನಲ್ಲಿ ಒಟ್ಟು ಎಷ್ಟು ಮೀಟರ್ ಓಡಿದೆ ಎಂದು. ಹಿಡಿ ಬಿಟ್ಟಾಗ ಚೈನ್ ಸಲೀಸಾಗಿ ಒಳಗೆ ಹೋಗುತ್ತದೋ ಎಂದು. ಕಣ್ಣು ಮುಚ್ಚಿ ಸೀಟು ಉರುಳಿಸಿ, ಕಟಕಟ ಅನ್ನುತ್ತದೋ ಎಂದು. ಚೈನ್ ತುಕ್ಕು ಹಿಡಿದಿತ್ತು, ಅದನ್ನೇ ಹೇಳಿ ರೇಟು ಇಳಿಸಿದೆ. ಎಂಟು ಅಡಿ ಉದ್ದದ ಸಾಮಾನು, ಆದರೆ ಎರಡು ತುಂಡಾಗಿ ಬಿಚ್ಚುತ್ತದೆ, ಸ್ಪ್ಯಾನರೂ ಬೇಡ. ಓಮ್ನಿಯ ಹಿಂದಿನ ಸೀಟು ಮಡಚಿ ಹಾಕಿ ತಲಪಾಡಿ ಗಡಿ ದಾಟಿಸಿದೆವು.

ಚೈನಿಗೆ 50 ಗಂಟೆಗೊಮ್ಮೆ ಎಣ್ಣೆ ಹಾಕಿ ಎನ್ನುತ್ತದೆ ಕಂಪನಿ. ನಮ್ಮ ಜುಲೈಯನ್ನು ಅವರು ನೋಡಿಲ್ಲ. ಬಾಗಿಲು ಉಬ್ಬಿ ಮುಚ್ಚದ, ಉಪ್ಪಿನ ಭರಣಿಯಲ್ಲಿ ನೀರೊಡೆಯುವ ತಿಂಗಳು ಅದು. ನಾನು ಹತ್ತು ದಿನಕ್ಕೊಮ್ಮೆ ಹಳೆಯ ಬೈರಾಸಿನ, ಅಂದರೆ ಟವೆಲಿನ, ತುಂಡಿಗೆ ಎಣ್ಣೆ ಹಚ್ಚಿ ಚೈನ್ ಪೂರ್ತಿ ಎಳೆದು ಒರೆಸುತ್ತೇನೆ, ಬಟ್ಟೆ ಕೆಂಪಾಗದಿದ್ದರೆ ಸಮಾಧಾನ.

ಮೊದಲ ವಾರ ಒಂದು ದೊಡ್ಡ ತಪ್ಪು ಮಾಡಿದೆ. ಫ್ಯಾನಿನ ಪಕ್ಕ 1ರಿಂದ 10ರವರೆಗೆ ಒಂದು ಲಿವರ್ ಇದೆ. ಅಡಿಕೆ ಗೋಣಿ ಹೊತ್ತವನಿಗೆ 10 ಯಾವ ಲೆಕ್ಕ ಎಂದು ಕೊನೆಗೇ ಸರಿಸಿದೆ. ನಾಲ್ಕನೇ ದಿನ ಸೊಂಟ ಹಿಡಿದು ಚಪ್ಪಲಿ ಹಾಕಲೂ ಬಗ್ಗಲಾಗಲಿಲ್ಲ. ಆ ಲಿವರ್ ಸೈಕಲ್ಲಿನ ಗೇರ್ ಇದ್ದ ಹಾಗೆ, 3ರಿಂದ 5 ಸಾಕು. ಬೆನ್ನಿನಿಂದ ಎಳೆಯುತ್ತಿದ್ದದ್ದೂ ತಪ್ಪೇ. ಮೊದಲು ಕಾಲು ತಳ್ಳಬೇಕು, ಆಮೇಲೆ ಬೆನ್ನು ಸ್ವಲ್ಪ ಹಿಂದಕ್ಕೆ, ಕೊನೆಗೆ ಕೈ. ಮರಳುವಾಗ ಇದರ ಉಲ್ಟಾ. ತೇಜಸ್ವಿನಿ ಹೊಳೆಯ ವಳ್ಳಂಕಳಿಯಲ್ಲಿ, ಅಂದರೆ ದೋಣಿ ಪಂದ್ಯದಲ್ಲಿ, ನೋಡಿದ್ದನ್ನು ಇಲ್ಲಿ ಮರೆತುಬಿಡಿ, ಅವರು ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ, ಅವರ ಸೀಟು ಜಾರುವುದಿಲ್ಲ. ಈಗ ನಿಮಿಷಕ್ಕೆ 20 ಸಲ, 25 ನಿಮಿಷ, ವಾರಕ್ಕೆ ನಾಲ್ಕು ದಿನ.

ಸೀಟು ನೆಲದಿಂದ 36 ಸೆಂಟಿಮೀಟರ್ ಎತ್ತರ ಅಷ್ಟೇ. ಅಮ್ಮ ಒಮ್ಮೆ ಕೂತರು, ಏಳಿಸಲು ಇಬ್ಬರು ಬೇಕಾಯಿತು. ಮಂಡಿನೋವು ಇದ್ದವರು ಎತ್ತರದ್ದನ್ನೇ ನೋಡಿ.

ಇನ್ನು ಸದ್ದು. ಮಳೆ ಮಾಡಿನ ಶೀಟಿನ ಮೇಲೆ ಬೀಳುವಷ್ಟು ದಿನ ಯಾರಿಗೂ ಕೇಳಿರಲಿಲ್ಲ. ಅಕ್ಟೋಬರಿನಲ್ಲಿ ಮಳೆ ನಿಂತ ಒಂದು ಬೆಳಿಗ್ಗೆ ಪಕ್ಕದ ಮನೆಯ ಅಣ್ಣ ಬೇಲಿ ಹತ್ತಿರ ಬಂದು ಕೇಳಿದರು, "ಅಡಿಕೆ ಸುಲಿಯುವ ಮೆಷಿನ್ ತಂದಿದ್ದೀರಂತೆ, ನಮ್ಮದೂ ನಾಲ್ಕು ಚೀಲ ಉಂಟು, ಬಾಡಿಗೆ ಎಷ್ಟು?"