ಆನೆಗೊಂದಿಯಲ್ಲಿ ಜಿಯೊಕ್ಯಾಶಿಂಗ್: ಗುದ್ದಲಿ ಹಿಡಿಯದೆ ಹುಡುಕಾಟ

ಯಾರೋ ಒಬ್ಬರು ಒಂದು ಸಣ್ಣ ಡಬ್ಬಿ ಬಚ್ಚಿಡುತ್ತಾರೆ. ಆ ಜಾಗದ ಅಕ್ಷಾಂಶ, ರೇಖಾಂಶವನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ. ನೀವು ಮೊಬೈಲ್ ಹಿಡಿದು ಹೋಗಿ ಹುಡುಕುತ್ತೀರಿ, ಸಿಕ್ಕರೆ ಒಳಗಿರುವ ಪುಟ್ಟ ಪುಸ್ತಕದಲ್ಲಿ ಹೆಸರು, ತಾರೀಕು ಬರೆದು ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತೀರಿ. ಜಿಯೊಕ್ಯಾಶಿಂಗ್ ಅಂದರೆ ಇಷ್ಟೇ. 2000ದ ಮೇ ತಿಂಗಳ ಶುರುವಿನಲ್ಲಿ ಅಮೆರಿಕ ಸರ್ಕಾರ ಜಿಪಿಎಸ್ ಸಿಗ್ನಲ್‌ನಲ್ಲಿ ಬೇಕಂತಲೇ ಸೇರಿಸುತ್ತಿದ್ದ ವ್ಯತ್ಯಾಸವನ್ನು ತೆಗೆದುಹಾಕಿತು. ಅದಾಗಿ ಒಂದೆರಡು ದಿನದಲ್ಲೇ ಒರೆಗಾನ್ ರಾಜ್ಯದಲ್ಲಿ ಡೇವ್ ಉಲ್ಮರ್ ಎಂಬುವವರು ಒಂದು ಬಕೆಟ್ ಬಚ್ಚಿಟ್ಟು ಜಾಗ ಹೇಳಿದರು, ಆಟ ಅಲ್ಲಿಂದ ಹಬ್ಬಿತು.

ಆನೆಗೊಂದಿ ಇದಕ್ಕೆ ಹೇಳಿ ಮಾಡಿಸಿದ ಊರು. ಊರ ನಡುವೆ ರಾಜಮನೆತನದ ಗಗನ ಮಹಲ್, ಪಕ್ಕದಲ್ಲೇ ರಂಗನಾಥ ಗುಡಿ, ಸುತ್ತ ಕೋಟೆ, ಬಾಳೆ ತೋಟ, ಭತ್ತದ ಗದ್ದೆ, ಬಂಡೆ ಮೇಲೆ ಬಂಡೆ ಕೂತ ಗುಡ್ಡಗಳು, ಆಚೆ ತುಂಗಭದ್ರೆ. ಆದರೆ ಇಲ್ಲಿ ಒಂದು ಸಮಸ್ಯೆ ಇದೆ. ನಿಧಿ ಆಸೆಗೆ ಕಲ್ಲು ಕಿತ್ತು, ನೆಲ ಅಗೆದು ಈ ಸೀಮೆಯ ಸ್ಮಾರಕಗಳನ್ನು ಹಾಳು ಮಾಡಿದವರಿದ್ದಾರೆ. 2019ರ ಜುಲೈನಲ್ಲಿ ನವವೃಂದಾವನ ನಡುಗಡ್ಡೆಯಲ್ಲಿ ವ್ಯಾಸರಾಜರ ವೃಂದಾವನವನ್ನೇ ನಿಧಿಗಳ್ಳರು ಒಡೆದು ಹಾಕಿದರು. ಆ ನೋವು ಊರವರಿಗೆ ಇನ್ನೂ ಇದೆ. ಅಂಥ ಜಾಗದಲ್ಲಿ ಬಂಡೆ ಸಂದಿಗೆ ಇಣುಕುತ್ತಾ ಅಪರಿಚಿತರು ನಿಂತರೆ ಯಾರಿಗಾದರೂ ಅನುಮಾನ ಬರುತ್ತದೆ, ಬರಲೂಬೇಕು. ಹಾಗಾಗಿ ಕೆಳಗಿನ ಕ್ರಮ ಸ್ವಲ್ಪ ಜಾಸ್ತಿ ಎಚ್ಚರಿಕೆಯದು.

ಮೊದಲು ಮೊಬೈಲ್

ಜಿಯೊಕ್ಯಾಶಿಂಗ್ ಆ್ಯಪ್ ಹಾಕಿಕೊಂಡು ಉಚಿತ ಖಾತೆ ತೆರೆಯಿರಿ. ಆಂಡ್ರಾಯ್ಡ್‌ನಲ್ಲಿ ಸಿ:ಜಿಯೊ ಅಂತ ಇನ್ನೊಂದು ಆ್ಯಪ್ ಇದೆ, ಅದೂ ಉಚಿತ. ನಕ್ಷೆಯಲ್ಲಿ ಆನೆಗೊಂದಿ, ಹಂಪಿ ಸುತ್ತ ಏನಿದೆ ನೋಡಿ. ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ, ಹುಡುಕುವ ಕಷ್ಟಕ್ಕೆ ಒಂದು, ದಾರಿಯ ಕಷ್ಟಕ್ಕೆ ಒಂದು, 1ರಿಂದ 5ರವರೆಗೆ. ಹೊಸಬರು ಎರಡೂ 2ರ ಒಳಗಿರುವುದನ್ನು ಆರಿಸಿಕೊಳ್ಳಿ. ಹಿಂದೆ ಹೋದವರು ಏನು ಬರೆದಿದ್ದಾರೆ ಅಂತಲೂ ಓದಿ; ಕೊನೆಯ ನಾಲ್ಕೈದು ಮಂದಿಗೆ ಸಿಕ್ಕಿಲ್ಲ ಅಂದರೆ ಡಬ್ಬಿ ಅಲ್ಲಿ ಇಲ್ಲದೇ ಇರಬಹುದು. ಗುಡ್ಡದ ಮರೆಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ, ಆದ್ದರಿಂದ ನಕ್ಷೆಯನ್ನು ಮನೆಯಲ್ಲೇ ಇಳಿಸಿಟ್ಟುಕೊಳ್ಳಿ. ಜಿಪಿಎಸ್‌ಗೆ ನೆಟ್ ಬೇಕಿಲ್ಲ.

ಅಂಕಿಗಳನ್ನು ಸರಿಯಾಗಿ ಓದಿ

ಹೆಚ್ಚು ಮಂದಿ ಎಡವುವುದು ಇಲ್ಲಿ. ಈ ಆಟದಲ್ಲಿ ಜಾಗವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ, ಉದಾಹರಣೆಗೆ ಉತ್ತರ 15° 21.000'. ಗೂಗಲ್ ಮ್ಯಾಪ್ಸ್ ಅದನ್ನೇ 15.350 ಅಂತ ತೋರಿಸುತ್ತದೆ. ಒಂದು ಡಿಗ್ರಿಗೆ 60 ನಿಮಿಷ, ಹಾಗಾಗಿ 0.350 ಅನ್ನು 60ರಿಂದ ಗುಣಿಸಿದರೆ 21 ಬರುತ್ತದೆ. ಈ ಲೆಕ್ಕ ಬಿಟ್ಟು 15.350 ಅನ್ನು ಸುಮ್ನೆ 15° 35' ಅಂತ ಓದಿಕೊಂಡರೆ 14 ನಿಮಿಷ ವ್ಯತ್ಯಾಸ, ಅಂದರೆ ನೆಲದ ಮೇಲೆ ಸುಮಾರು 26 ಕಿಲೋಮೀಟರ್ ಉತ್ತರಕ್ಕೆ ಹೋಗಿರುತ್ತೀರಿ! ಅಕ್ಷಾಂಶದ ಒಂದು ನಿಮಿಷ ಅಂದರೆ 1.85 ಕಿಲೋಮೀಟರ್, ನಿಮಿಷದಲ್ಲಿ ಚುಕ್ಕೆಯ ಆಚೆಗಿನ ಮೂರನೇ ಅಂಕಿ ಒಂದು ಬದಲಾದರೆ ಎರಡು ಮೀಟರ್‌ಗಿಂತ ಸ್ವಲ್ಪ ಕಡಿಮೆ.

ಬಾಣ ನಂಬಿ ಹೊಳೆಗೆ ಇಳಿಯಬೇಡಿ

ಆ್ಯಪ್‌ನ ಬಾಣ ನೇರ ಗೆರೆಯ ದೂರ ಹೇಳುತ್ತದೆ, ದಾರಿ ಹೇಳುವುದಿಲ್ಲ. ಎಂಟುನೂರು ಮೀಟರ್ ಅಂತ ಖುಷಿಯಿಂದ ಹೊರಟರೆ ಡಬ್ಬಿ ತುಂಗಭದ್ರೆಯ ಆಚೆ ದಡದಲ್ಲಿ, ಹಂಪಿ ಕಡೆ ಇರಬಹುದು. ಹೊರಡುವ ಮುಂಚೆ ಹೊಳೆ ಯಾವ ಕಡೆ ಬರುತ್ತದೆ ನೋಡಿಕೊಳ್ಳಿ. ಗದ್ದೆ ಅಡ್ಡ ಬಂದರೆ ಬದುವಿನ ಮೇಲೆ ಸುತ್ತಿ ಹೋಗಿ, ಪೈರು ತುಳಿಯಬೇಡಿ. ಬಾಳೆ ತೋಟಕ್ಕೆ ಬೇಲಿ ಇದ್ದರೆ ತೋಟದವರನ್ನು ಕೇಳಿ.

ಯಾರಾದರೂ "ಏನ್ ಹುಡುಕಾಕತ್ತೀರಿ?" ಅಂದರೆ ಫೋನ್ ಜೇಬಿಗಿಟ್ಟು ಜಾಗ ಬಿಡಬೇಡಿ. ಆ್ಯಪ್ ತೋರಿಸಿ. "ನಿಧಿ ಅಲ್ರಿ ಅಜ್ಜಾರ, ಮೊಬೈಲ್ ಆಟ, ಡಬ್ಬಿಯೊಳಗೆ ಒಂದು ಹಾಳಿ ಇರ್ತದ ಅಷ್ಟೇ" ಅಂತ ಬಿಡಿಸಿ ಹೇಳಿ. ವಿದೇಶದ ಆಟಗಾರರು ಯಾರ ಕಣ್ಣಿಗೂ ಬೀಳದಂತೆ ಹುಡುಕುವುದನ್ನೇ ಮಜಾ ಅಂತಾರೆ. ಆನೆಗೊಂದಿಯಲ್ಲಿ ಅದು ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಕೊನೆಯ ಹತ್ತು ಮೀಟರ್

ಫೋನ್ ಜಿಪಿಎಸ್ ಬಯಲಲ್ಲೇ ಐದಾರು ಮೀಟರ್ ತಪ್ಪುತ್ತದೆ. ದೊಡ್ಡ ಬಂಡೆಗಳ ನಡುವೆ ಸಿಗ್ನಲ್ ಕಲ್ಲಿಗೆ ಬಡಿದು ತಿರುಗಿ ಬರುವುದರಿಂದ ಬಾಣ ಅತ್ತಿತ್ತ ಹೊಯ್ದಾಡುತ್ತದೆ. ಆಗ ಫೋನ್ ಪಕ್ಕಕ್ಕಿಟ್ಟು ಕಣ್ಣಲ್ಲಿ ಹುಡುಕಿ. ಯಾರೋ ಜೋಡಿಸಿಟ್ಟಂತಿರುವ ಸಣ್ಣ ಕಲ್ಲುಗಳು, ಬುಡದಲ್ಲಿ ಸವೆದ ಹುಲ್ಲು, ಕಲ್ಲಿನ ಬಣ್ಣಕ್ಕೆ ಹೊಂದದ ಮುಚ್ಚಳ ಇವೆಲ್ಲ ಸುಳಿವು.

ಸಂದಿಯೊಳಗೆ ಮಾತ್ರ ಯಾವತ್ತೂ ಬರಿಗೈ ಹಾಕಬೇಡಿ. ಚೇಳು, ಗರಗಸ ಮಂಡಲ, ಕೊಳಕು ಮಂಡಲದಂಥ ವಿಷದ ಹಾವುಗಳಿಗೆ ಇಂಥ ತಂಪಾದ ಸಂದಿಯೇ ಮನೆ. ಮೊದಲು ಟಾರ್ಚ್ ಬಿಡಿ, ಆಮೇಲೆ ಉದ್ದನೆ ಕೋಲಿನಿಂದ ತಟ್ಟಿ, ನಂತರ ಕೋಲಿನಿಂದಲೇ ಡಬ್ಬಿಯನ್ನು ಈಚೆ ಎಳೆಯಿರಿ. ಕಾಲು ಮುಚ್ಚುವ ಬೂಟು, ಪ್ಯಾಂಟು ಇರಲಿ. ಗುಡ್ಡದಲ್ಲಿ ಚಿರತೆ, ಕರಡಿ ಓಡಾಡುವುದರಿಂದ ಹೊತ್ತು ಮುಳುಗುವ ಮುಂಚೆ ಕೆಳಗಿಳಿಯಿರಿ. ನವೆಂಬರ್‌ನಿಂದ ಫೆಬ್ರುವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇನಲ್ಲಿ ಬಂಡೆ ಮುಟ್ಟಲೂ ಆಗುವುದಿಲ್ಲ.

ಸಿಕ್ಕ ಮೇಲೆ ಹೆಸರು ಬರೆಯಿರಿ. ಕೆಲವು ಡಬ್ಬಿಗಳಲ್ಲಿ ಪುಸ್ತಕದ ಜೊತೆ ಸಣ್ಣಪುಟ್ಟ ಸಾಮಾನೂ ಇರುತ್ತದೆ, ಅದನ್ನು ತೆಗೆದುಕೊಂಡರೆ ಸಮನಾದದ್ದು ಇಡಿ. ಆನೆಗೊಂದಿಯಲ್ಲಿ ಬಾಳೆ ನಾರಿನ ಸಾಮಾನು ಮಾಡುತ್ತಾರೆ, ಡಬ್ಬಿಯಲ್ಲಿ ಇಡುವುದಕ್ಕೆ ಅದರಷ್ಟು ಚೆಂದದ್ದು ಬೇರೆ ಇಲ್ಲ.

ನಿಮ್ಮದೇ ಡಬ್ಬಿ ಇಡುವುದಾದರೆ

ಜಾಗದವರ ಅನುಮತಿ ಇಲ್ಲದೆ ನೆಲ ಅಗೆದು ಹೂಳುವ ಹಾಗಿಲ್ಲ, ಇದು ಆಟದ್ದೇ ನಿಯಮ. ಇಲ್ಲಂತೂ ಹೂಳಲೇಬೇಡಿ. ಎರಡು ಡಬ್ಬಿಗಳ ನಡುವೆ ಕನಿಷ್ಠ 161 ಮೀಟರ್ ಇರಬೇಕು. ಜಾಗದವರ ಒಪ್ಪಿಗೆ ಬೇಕು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ ಅಂತ ಕಾನೂನಿದೆ. ಅದು ಕಟ್ಟಡ ಕಟ್ಟುವುದಕ್ಕೆ ಸಂಬಂಧಿಸಿದ್ದು ನಿಜ. ಆದರೂ ಆ ನೂರು ಮೀಟರ್ ಒಳಗೆ ಡಬ್ಬಿ ಬೇಡ, ಹುಡುಕುವವರು ಕಲ್ಲು ಸರಿಸಿಯೇ ಸರಿಸುತ್ತಾರೆ. ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಹಾಗಾದರೆ ಗಗನ ಮಹಲ್ ಆಟದೊಳಗೆ ಬರುವುದು ಹೇಗೆ? ಪ್ರಶ್ನೆಯಾಗಿ ಬರಲಿ. ಮಹಲಿನ ಎದುರು ನಿಂತು ಎಣಿಸಿದರೆ ಸಿಗುವ ಒಂದು ಸಂಖ್ಯೆ, ರಂಗನಾಥ ಗುಡಿ ಮುಂದೆ ಇನ್ನೊಂದು, ಹುಚ್ಚಪ್ಪಯ್ಯನ ಮಠದ ಕಂಬಗಳಿಂದ ಮತ್ತೊಂದು. ಈ ಮೂರನ್ನು ಪಕ್ಕಪಕ್ಕ ಜೋಡಿಸಿದರೆ ಕೊನೆಯ ಜಾಗದ ಮೂರು ಅಂಕಿ ಆಗುತ್ತವೆ, ಡಬ್ಬಿ ಮಾತ್ರ ದೂರದಲ್ಲಿ ಪರಿಚಯದವರ ಹೊಲದ ಬದುವಿನಲ್ಲಿ. ಅಂಜನಾದ್ರಿಯ 575 ಮೆಟ್ಟಿಲು, 64 ಕಂಬದ ಮಂಟಪ ಇಂಥವನ್ನು ಕೇಳಬೇಡಿ, ಮನೆಯಲ್ಲಿ ಕೂತೇ ಉತ್ತರ ಹೇಳಿಬಿಡುತ್ತಾರೆ. ಜನ ಕಟ್ಟಡದ ಮುಂದೆ ನಿಂತು ತಲೆ ಎತ್ತಿ ನೋಡಬೇಕು, ಅಲ್ವಾ?

ಒಳಗಿರುವುದು ಕಾಣುವಂಥ ಪ್ಲಾಸ್ಟಿಕ್ ಡಬ್ಬಿ ಒಳ್ಳೆಯದು. ಪೆನ್ನಿಗಿಂತ ಪೆನ್ಸಿಲ್ ಮೇಲು, ಒದ್ದೆಯಾದರೂ ಅಕ್ಷರ ಉಳಿಯುತ್ತದೆ. ತಿನ್ನುವುದು, ವಾಸನೆ ಬರುವುದು ಏನೂ ಬೇಡ, ಮಂಗಗಳು ಬಿಡುವುದಿಲ್ಲ. ಕೆಂಪು ಬಟ್ಟೆ ಸುತ್ತಿ ದಾರ ಕಟ್ಟಿದರೆ ನೋಡಿದವರು ಮಾಟ ಅಂದುಕೊಂಡು ಹೆದರುತ್ತಾರೆ, ಅದೂ ಬೇಡ. ಮುಚ್ಚಳದ ಮೇಲೆ ಕನ್ನಡದಲ್ಲೇ ದಪ್ಪಕ್ಷರದಲ್ಲಿ ಬರೆಯಿರಿ: "ಇದು ಆಟದ ಡಬ್ಬಿ. ಬೆಲೆಬಾಳುವುದೇನೂ ಇಲ್ಲ. ಇದ್ದಲ್ಲೇ ಇಡಿ." ಕೆಳಗೆ ನಿಮ್ಮ ನಂಬರ್. ಗ್ರಾಮ ಪಂಚಾಯ್ತಿಗೂ ಒಂದು ಮಾತು ಹೇಳಿಡಿ.

ಹೊಳೆ ದಂಡೆಯಲ್ಲಿ ಇಡಬೇಡಿ. ಜಲಾಶಯದಿಂದ ನೀರು ಬಿಟ್ಟಾಗ 64 ಕಂಬದ ಮಂಟಪವೇ ಮುಳುಗುತ್ತದೆ, ಡಬ್ಬಿಯ ಪಾಡೇನು? ಮಳೆಗಾಲ ಮುಗಿದ ಮೇಲೊಮ್ಮೆ, ಅಂಜನಾದ್ರಿಗೆ ಜನ ಸೇರುವ ಹನುಮ ಜಯಂತಿ ಆದ ಮೇಲೊಮ್ಮೆ ಹೋಗಿ ನೋಡಿ, ನೆನೆದ ಪುಸ್ತಕ ಬದಲಿಸಿ. ಹೋಗಲು ಆಗದ ಕಾಲ ಬಂದರೆ ಡಬ್ಬಿಯನ್ನು ಎತ್ತಿಕೊಂಡು ಬಂದು, ಆ್ಯಪ್‌ನಿಂದಲೂ ತೆಗೆಸಿಬಿಡಿ.