ಪೊಲೀಸ್ ಜೀಪಿನ ಮೇಲೆ ಕೊಟ್ಟ ದೂರು ಕದಲಿದ್ದು ಹೀಗೆ

ಒನ್‌ವೇಯಲ್ಲಿ ಎದುರಿನಿಂದ ನುಗ್ಗಿದ ಪೊಲೀಸ್ ಜೀಪು. ಸೈರನ್ ಇಲ್ಲ, ದೀಪವೂ ಇಲ್ಲ. ದೂರಿಗೆ ಪ್ರತಿಸಲ ಒಂದೇ ಉತ್ತರ: ‘ಸಂಬಂಧಪಟ್ಟವರಿಗೆ ಕಳಿಸಲಾಗಿದೆ’.

ವಿಡಿಯೊ ಹಾಕಿ ಟ್ಯಾಗ್ ಮಾಡಿದೆ, ಕಂಟ್ರೋಲ್ ರೂಮಿಗೆ ಫೋನ್ ಮಾಡಿದೆ, ಠಾಣೆಗೂ ಹೋದೆ. ಆಗಲಿಲ್ಲ. ಚಾಲಕನ ಹೆಸರು ಹುಡುಕಿದ್ದಂತೂ ಸುಮ್ನೆ ವ್ಯರ್ಥ. ಗಾಡಿ ನಂಬರ್ ಸಾಕು.

ಕೊನೆಗೆ ಸಂಚಾರ ವಿಭಾಗದ ಮೇಲಧಿಕಾರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಒಂದೇ ಪುಟ ಬರೆದೆ. ಮೊದಲ ಸಾಲಲ್ಲೇ ಪೂರ್ತಿ ‘ಜಿ’ ನಂಬರ್ (ಸರ್ಕಾರಿ ಗಾಡಿಯ ನೋಂದಣಿ ಸಂಖ್ಯೆ), ತಾರೀಖು, ನಿಮಿಷದ ಸಮೇತ ಸಮಯ, ಎಲ್ಲಿಂದ ಎಲ್ಲಿಗೆ. ಕತ್ತರಿಸದ ವಿಡಿಯೊ ಪೆನ್‌ಡ್ರೈವ್‌ನಲ್ಲಿ. ಜೊತೆಗೆ ಮೋಟಾರು ವಾಹನ ಕಾಯ್ದೆಯ 210ಬಿ ಕಲಂ: ಜಾರಿ ಮಾಡುವವರೇ ತಪ್ಪಿದರೆ ದಂಡ ಎರಡು ಪಟ್ಟು.

30 ದಿನ ಬಿಟ್ಟು, 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಅರ್ಜಿ. ‘ಯಾಕೆ ಕ್ರಮ ಇಲ್ಲ’ ಎಂದು ಕೇಳಬೇಡಿ, ಕಾಗದ ಕೇಳಿ: ಕಡತದ ಟಿಪ್ಪಣಿ, ದಂಡದ ರಸೀದಿ. ರಸೀದಿಯ ಪ್ರತಿ ಬಂತು, ಎರಡು ಪಟ್ಟಿನದೇ.